ಲ್ಯಾಪ್‌ಟಾಪಿನಲ್ಲಿ ಸರಿ, ಪುಟ್ಟ ಬೋರ್ಡಿನಲ್ಲಿ ತಪ್ಪು: ಪ್ರೊಸೆಸರ್ ಬದಲಾದರೆ ಪ್ರೋಗ್ರಾಂ ಯಾಕೆ ಕೆಡುತ್ತದೆ?

ಹತ್ತು ವರ್ಷದ ಹಿಂದೆ ಶಿವಮೊಗ್ಗದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಂಡರೆ ಒಳಗಿರುತ್ತಿದ್ದದ್ದು ಇಂಟೆಲ್ ಚಿಪ್, ಇಲ್ಲವೇ ಎಎಂಡಿ ಚಿಪ್. ಕಂಪನಿ ಬೇರೆ, ಆದರೆ ಎರಡಕ್ಕೂ ಅರ್ಥವಾಗುತ್ತಿದ್ದ ಆದೇಶಗಳು ಒಂದೇ ಬಗೆಯವು. ಒಂದರಲ್ಲಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲೂ ಓಡುತ್ತಿತ್ತು. ಪ್ರೊಸೆಸರ್ ಯಾವ ಜಾತಿಯದು ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈಗ ಹಾಗಿಲ್ಲ. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್‌ನ ಮ್ಯಾಕ್‌ಗಳನ್ನು ತಂದಿತು. 2024ರಲ್ಲಿ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದವು. ಎರಡೂ ನಮ್ಮ ಮೊಬೈಲಿನೊಳಗೆ ಇರುವ ಆರ್ಮ್ ಜಾತಿಯವು. ಎಂಜಿನಿಯರಿಂಗ್ ಮಕ್ಕಳು ಪ್ರಾಜೆಕ್ಟ್‌ಗೆ ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂಡ ಆರ್ಮ್. ಅಡಿಕೆ ತೋಟದಲ್ಲಿ ಮಳೆ, ತೇವ ಅಳೆಯುವ ಕೆಲಸಕ್ಕೂ ಇಂಥ ಬೋರ್ಡೇ ಅನುಕೂಲ. ಬೆಲೆ ಕಡಿಮೆ, ಕರೆಂಟೂ ಕಡಿಮೆ ಸಾಕು.

ತೊಂದರೆ ಶುರುವಾಗುವುದು ಇಲ್ಲೇ. ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಪ್ರೋಗ್ರಾಂ ಬೋರ್ಡಿಗೆ ಹಾಕಿದ ಕೂಡಲೇ ತಪ್ಪು ಲೆಕ್ಕ ಕೊಡುತ್ತದೆ, ಇಲ್ಲವೇ ಅರ್ಧಕ್ಕೆ ನಿಂತುಬಿಡುತ್ತದೆ. ಬರೆದದ್ದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಯಾಕೆ ಹೀಗಾಗುತ್ತದೆ, ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ ಎಂದು ಬುಡದಿಂದ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೋಣಂದೂರಿನ ಒಂದು ತೋಟಕ್ಕಾಗಿ ಸಿ ಭಾಷೆಯಲ್ಲಿ ಬರೆದ ಮಳೆ ಲೆಕ್ಕದ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಊರಿನ ಹೆಸರನ್ನು ಕನ್ನಡದಲ್ಲೇ ಇಟ್ಟುಕೊಳ್ಳುತ್ತದೆ. ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆಯುತ್ತದೆ. ಸರಾಸರಿ ತೆಗೆಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಟ್ಟಿದೆಯೇ ಎಂದು ತಿಳಿಸುವುದು ಅದರ ಕೆಲಸ. ಲೆಕ್ಕ ತಪ್ಪಿದರೆ ಒಂದು ಸುತ್ತಿನ ಔಷಧಿಯೂ ಕೂಲಿಯೂ ದಂಡ.

ಆರ್ಕಿಟೆಕ್ಚರ್ ಅಂದರೆ ಏನು?

ಪ್ರೊಸೆಸರ್‌ಗೆ ಸಿ, ಪೈಥಾನ್ ಯಾವುದೂ ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಕೆಲವು ಸಣ್ಣ ಆದೇಶಗಳು ಮಾತ್ರ. ಈ ಜಾಗದಿಂದ ಅಂಕಿ ತೆಗೆದುಕೋ, ಆ ಅಂಕಿಯ ಜೊತೆ ಕೂಡು, ಇಲ್ಲಿಗೆ ಬರೆ, ಸೊನ್ನೆಯಾಗಿದ್ದರೆ ಅಲ್ಲಿಗೆ ಹೋಗು. ಈ ಆದೇಶಗಳ ಪಟ್ಟಿ, ಅವುಗಳನ್ನು ಅಂಕಿಯಲ್ಲಿ ಬರೆಯುವ ಕ್ರಮ, ಅವು ನಡೆದುಕೊಳ್ಳುವ ರೀತಿ, ಎಲ್ಲ ಸೇರಿದ ಕಟ್ಟುಪಾಡನ್ನು ಆರ್ಕಿಟೆಕ್ಚರ್ ಎನ್ನುತ್ತಾರೆ.

ಇಂಟೆಲ್ ಮತ್ತು ಎಎಂಡಿಯದು ಎಕ್ಸ್86. 1978ರ ಇಂಟೆಲ್ 8086 ಚಿಪ್‌ನಿಂದ ಬಂದ ವಂಶ ಅದು. ಆರ್ಮ್‌ನ ಮೊದಲ ಚಿಪ್ ಸಿದ್ಧವಾದದ್ದು 1985ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ. ರಿಸ್ಕ್-ಫೈವ್ ಇನ್ನೂ ಹೊಸದು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಲೈಸೆನ್ಸ್ ಹಣ ಕೊಡದೆ ಯಾರು ಬೇಕಾದರೂ ಅದರ ಮೇಲೆ ಚಿಪ್ ಕಟ್ಟಬಹುದು. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದೇ ಜಾತಿಯವು. ಬ್ಯಾಂಕುಗಳ ದೊಡ್ಡ ಯಂತ್ರಗಳಿಗಾಗಿ ಐಬಿಎಂನ ಎಸ್390ಎಕ್ಸ್ ಎಂಬುದೂ ಇದೆ. ಅದರ ಹೆಸರು ಮುಂದೆ ಬರುತ್ತದೆ.

ಆದೇಶಗಳ ಆಕಾರದಲ್ಲೇ ಎಷ್ಟು ವ್ಯತ್ಯಾಸ ಅಂದರೆ, ಎಕ್ಸ್86ನಲ್ಲಿ ಒಂದು ಆದೇಶ 1 ಬೈಟ್‌ನಿಂದ 15 ಬೈಟ್‌ವರೆಗೂ ಇರಬಹುದು. 64 ಬಿಟ್ ಆರ್ಮ್‌ನಲ್ಲಿ ಪ್ರತಿಯೊಂದೂ 4 ಬೈಟ್. (ಬಿಟ್ ಅಂದರೆ ಒಂದು 0 ಅಥವಾ 1, ಎಂಟು ಬಿಟ್ ಸೇರಿದರೆ ಒಂದು ಬೈಟ್.) ಒಂದಕ್ಕಾಗಿ ತಯಾರಾದ ಫೈಲು ಇನ್ನೊಂದಕ್ಕೆ ಸುಮ್ನೆ ಅಂಕಿಗಳ ರಾಶಿ. ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಂ ಫೈಲಿನ ತಲೆಭಾಗದಲ್ಲಿ ಅದು ಯಾವ ಜಾತಿಗೆ ಸೇರಿದ್ದು ಎಂಬ ಗುರುತಿನ ಸಂಖ್ಯೆ ಇರುತ್ತದೆ. ಎಕ್ಸ್86-64ಕ್ಕೆ 62, 64 ಬಿಟ್ ಆರ್ಮ್‌ಗೆ 183, ರಿಸ್ಕ್-ಫೈವ್‌ಗೆ 243. ಈ ಸಂಖ್ಯೆ ಹೊಂದದಿದ್ದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಹೇಳಿ ಯಂತ್ರ ಅಲ್ಲೇ ನಿಲ್ಲಿಸುತ್ತದೆ. ಬೇರೆ ಆರ್ಕಿಟೆಕ್ಚರ್‌ನ ತೊಂದರೆಗಳಲ್ಲೆಲ್ಲ ಅತಿ ಸುಲಭದ್ದು ಇದು. ಸರಿಯಾದ ಫೈಲು ತಂದರೆ ಮುಗಿಯಿತು.

ಪ್ಯಾಕೇಜ್ ತಯಾರಾಗುವುದು ಹೇಗೆ?

ಮನುಷ್ಯರು ಬರೆಯುವುದು ಸೋರ್ಸ್ ಕೋಡ್. ಅದನ್ನು ಪ್ರೊಸೆಸರಿನ ಆದೇಶಗಳಾಗಿ ಬದಲಾಯಿಸುವ ಪ್ರೋಗ್ರಾಂ ಕಂಪೈಲರ್. ಹೀಗೆ ಬಂದ ಫೈಲುಗಳು, ಅವುಗಳಿಗೆ ಬೇಕಾದ ಸೆಟ್ಟಿಂಗ್, ಜೊತೆಗೆ ಇನ್ನೇನೇನು ಇನ್‌ಸ್ಟಾಲ್ ಆಗಿರಬೇಕು ಎಂಬ ಪಟ್ಟಿ ಸೇರಿಸಿ ಕಟ್ಟಿದ ಗಂಟೇ ಪ್ಯಾಕೇಜ್.

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇದೆ. ಉಬುಂಟು, ರಾಸ್ಪ್‌ಬೆರಿ ಪೈ ಓಎಸ್ ಎರಡೂ ನಿಂತಿರುವುದು ಅದರ ಮೇಲೆ. ಡೆಬಿಯನ್‌ನಲ್ಲಿ ಒಂದೇ ಸೋರ್ಸ್ ಕೋಡನ್ನು ಪ್ರತಿ ಆರ್ಕಿಟೆಕ್ಚರ್‌ಗೂ ಬೇರೆಬೇರೆಯಾಗಿ ಕಂಪೈಲ್ ಮಾಡುತ್ತಾರೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಮೊದಲ ಸಲ ಅಧಿಕೃತ ಪಟ್ಟಿ ಸೇರಿತು. ಹೊಸ ಆರ್ಕಿಟೆಕ್ಚರ್ ಸೇರಿದಾಗಲೆಲ್ಲ ಸಾವಿರಾರು ಪ್ಯಾಕೇಜ್‌ಗಳನ್ನು ಅದಕ್ಕಾಗಿ ಮತ್ತೆ ಕಂಪೈಲ್ ಮಾಡಬೇಕು. ಕೆಲವು ಕಂಪೈಲ್ ಆಗುವುದೇ ಇಲ್ಲ. ಇದಕ್ಕೆ ಅಲ್ಲಿನವರು ಎಫ್‌ಟಿಬಿಎಫ್‌ಎಸ್ ಅನ್ನುತ್ತಾರೆ, ಅಂದರೆ ಸೋರ್ಸ್‌ನಿಂದ ಕಟ್ಟಲು ಆಗಲಿಲ್ಲ ಎಂದು. ಕೆಲವು ಕಂಪೈಲ್ ಆಗುತ್ತವೆ, ಆದರೆ ಕೊನೆಯ ಪರೀಕ್ಷೆಯಲ್ಲಿ ಬೀಳುತ್ತವೆ. ಇನ್ನು ಕೆಲವು ಪರೀಕ್ಷೆಯನ್ನೂ ದಾಟಿ ಬಳಸುವವರ ಕೈಗೆ ಬಂದ ಮೇಲೆ ಕೆಡುತ್ತವೆ. ಈ ಮೂರನೆಯ ಬಗೆಯೇ ಎಲ್ಲಕ್ಕಿಂತ ಕಷ್ಟದ್ದು.

ತಪ್ಪು ಯಾರದು?

‘ಬೋರ್ಡೇ ಸರಿಯಿಲ್ಲ’ ಅನ್ನುವುದು ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಬರುವ ಮಾತು. ಶಿವಮೊಗ್ಗ–ಭದ್ರಾವತಿ ನಡುವೆ ದಿನಾ ಓಡುವ ಒಂದು ಜೀಪಿನ ಬ್ರೇಕ್ ಸಡಿಲವಾಗಿದೆ ಅನ್ನಿ. ಸಪಾಟು ರಸ್ತೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಜೀಪು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ. ಕೆಟ್ಟಿದ್ದು ಬ್ರೇಕ್, ಘಾಟಿ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಪ್ರೋಗ್ರಾಂಗಳ ವಿಷಯದಲ್ಲೂ ಬಹಳ ಸಲ ಇದೇ ಆಗಿರುತ್ತದೆ. ತಪ್ಪು ಮೊದಲಿನಿಂದಲೂ ಕೋಡ್‌ನಲ್ಲೇ ಇತ್ತು. ಎಕ್ಸ್86 ಅದನ್ನು ಸಹಿಸಿಕೊಂಡಿತ್ತು.

ಇದಕ್ಕೆ ದಾರಿ ಬಿಟ್ಟದ್ದು ಸಿ ಭಾಷೆಯ ನಿಯಮಗಳೇ. ಯಾವ ಚಿಪ್ ಮೇಲಾದರೂ ವೇಗವಾಗಿ ಓಡಲಿ ಎಂದು ಆ ಭಾಷೆ ಕೆಲವು ವಿಷಯಗಳನ್ನು ಖಚಿತವಾಗಿ ಹೇಳದೆ ಬಿಟ್ಟಿದೆ. ಅಲ್ಲಿ ಪ್ರತಿ ಆರ್ಕಿಟೆಕ್ಚರ್ ತನಗೆ ಅನುಕೂಲವಾದದ್ದನ್ನು ಆರಿಸಿಕೊಂಡಿದೆ. ಒಂದು ಚಿಪ್‌ನ ಆಯ್ಕೆಯನ್ನೇ ಭಾಷೆಯ ನಿಯಮ ಎಂದು ನಂಬಿ ಬರೆದವರ ಕೋಡ್ ಇನ್ನೊಂದರ ಮೇಲೆ ಬೀಳುತ್ತದೆ. ನಾನು ಬರೆಯುವುದು ಪೈಥಾನ್, ನನಗೇನು ಅಂತ ಬಿಡುವ ಹಾಗೂ ಇಲ್ಲ. ಪೈಥಾನ್ ಬಳಸುವ ಎಷ್ಟೋ ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಸಂಗ್ರಹಗಳ, ಹೊಟ್ಟೆಯಲ್ಲಿರುವುದು ಸಿ ಕೋಡೇ.

ಕಂಪೈಲರಿನ ತಪ್ಪು, ಚಿಪ್‌ನದೇ ತಪ್ಪು ಇರುವುದೇ ಇಲ್ಲ ಎಂದಲ್ಲ. ಅವೂ ಸಿಕ್ಕಿವೆ. ಆದರೆ ಅವು ಅಪರೂಪ. ಹುಡುಕುವಾಗ ಮೊದಲ ಅನುಮಾನ ನಮ್ಮ ಕೋಡ್ ಮೇಲೇ ಇರಬೇಕು.

ಕನ್ನಡದ ಅಕ್ಷರ ಕಾಣೆಯಾಗುವ ಕಥೆ

ಕನ್ನಡದಲ್ಲಿ ಕೆಲಸ ಮಾಡುವವರು ಖಂಡಿತ ತಿಳಿದಿರಬೇಕಾದ ವ್ಯತ್ಯಾಸ ಒಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಅಕ್ಷರ ಅಂದರೆ ಸಂಖ್ಯೆ. ಇಂಗ್ಲಿಷಿನ ಎಲ್ಲ ಅಕ್ಷರಗಳೂ 127ರ ಒಳಗೇ ಬರುತ್ತವೆ, ಒಂದೊಂದಕ್ಕೆ ಒಂದು ಬೈಟ್ ಸಾಕು. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕ’ ಎಂದರೆ 224, 178, 149. ‘ಕೋಣಂದೂರು’ ಎಂದು ಬರೆಯಲು ಅಕ್ಷರ, ಸ್ವರ ಚಿಹ್ನೆ, ಸೊನ್ನೆ ಎಲ್ಲ ಸೇರಿ 8 ಸಂಕೇತ, ಅಂದರೆ 24 ಬೈಟ್. ಈ ಎಲ್ಲ ಬೈಟ್‌ಗಳೂ 127ಕ್ಕಿಂತ ದೊಡ್ಡವು.

ಸಿ ಭಾಷೆಯಲ್ಲಿ ಒಂದು ಬೈಟ್ ಇಡುವ ಡಬ್ಬಿಯ ಹೆಸರು ‘ಚಾರ್’. ಈ ಡಬ್ಬಿ –128ರಿಂದ 127ರವರೆಗಿನ ಸಂಖ್ಯೆ ಹಿಡಿಯುತ್ತದೋ, 0ಯಿಂದ 255ರವರೆಗಿನದ್ದೋ? ಮೊದಲನೆಯದು ‘ಸೈನ್ಡ್’, ಅಂದರೆ ಮೈನಸ್ ಚಿಹ್ನೆ ಇರಬಹುದಾದದ್ದು. ಎರಡನೆಯದು ‘ಅನ್‌ಸೈನ್ಡ್’. ಎರಡರಲ್ಲಿ ಯಾವುದು ಎಂದು ಸಿ ಭಾಷೆ ಹೇಳುವುದಿಲ್ಲ. ಎಕ್ಸ್86 ಲಿನಕ್ಸ್‌ನಲ್ಲಿ ಅದು ಸೈನ್ಡ್. ಆರ್ಮ್, ರಿಸ್ಕ್-ಫೈವ್, ಎಸ್390ಎಕ್ಸ್ ಲಿನಕ್ಸ್‌ಗಳಲ್ಲಿ ಅನ್‌ಸೈನ್ಡ್. ಇದು ಸುಮ್ನೆ ಮಾಡಿದ ಆಯ್ಕೆಯೂ ಅಲ್ಲ. ಹಳೆಯ ಆರ್ಮ್ ಚಿಪ್‌ಗಳಲ್ಲಿ ಚಿಹ್ನೆಯಿಲ್ಲದ ಬೈಟ್ ಓದಲು ಆದೇಶ ಇತ್ತು, ಚಿಹ್ನೆಯಿರುವ ಬೈಟ್‌ಗೆ ಇರಲಿಲ್ಲ. ಅದಕ್ಕೇ ಚಿಹ್ನೆಯಿಲ್ಲದ್ದು ಅವಕ್ಕೆ ಅಗ್ಗವಾಗಿತ್ತು.

ಈಗ ನಮ್ಮ ಪ್ರೋಗ್ರಾಂಗೆ ಬನ್ನಿ. ಬರೆದವರು ‘ಬೈಟ್ ಸೊನ್ನೆಗಿಂತ ಚಿಕ್ಕದಾದರೆ ಅದು ಕನ್ನಡ’ ಎಂದು ಒಂದು ಸಾಲು ಹಾಕಿದ್ದಾರೆ. ಲ್ಯಾಪ್‌ಟಾಪಿನಲ್ಲಿ 224 ಎಂಬುದು –32 ಆಗಿ ಕಾಣುತ್ತದೆ. ಷರತ್ತು ಸರಿಹೊಂದುತ್ತದೆ, ಹೆಸರು ಚೆನ್ನಾಗಿ ಮೂಡುತ್ತದೆ. ಪೈ ಮೇಲೆ 224 ಎಂಬುದು 224 ಆಗಿಯೇ ಉಳಿಯುತ್ತದೆ. ಸೊನ್ನೆಗಿಂತ ಚಿಕ್ಕದಾಗುವ ಮಾತೇ ಇಲ್ಲ. ಪ್ರೋಗ್ರಾಂ ಪ್ರತಿ ಬೈಟನ್ನೂ ಒಂದು ಇಂಗ್ಲಿಷ್ ಅಕ್ಷರ ಎಂದುಕೊಂಡು ಹೆಸರನ್ನು ಎಲ್ಲೋ ನಡುವೆ ಕತ್ತರಿಸುತ್ತದೆ. ತೆರೆಯ ಮೇಲೆ ಚೌಕ, ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಆಗ ಎಲ್ಲರೂ ಫಾಂಟ್ ಬದಲಾಯಿಸಲು ಕೂರುತ್ತಾರೆ. ಫಾಂಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಇದೇ ವ್ಯತ್ಯಾಸ ಇನ್ನೊಂದು ರೂಪದಲ್ಲೂ ಕಾಡುತ್ತದೆ. ಫೈಲು ಮುಗಿಯಿತು ಎಂದು ತಿಳಿಸಲು ಸಿ ಲೈಬ್ರರಿ –1 ಕೊಡುತ್ತದೆ. ಅದನ್ನು ಚಾರ್ ಡಬ್ಬಿಯಲ್ಲಿ ಇಟ್ಟರೆ ಪೈ ಮೇಲೆ ಅದು 255 ಆಗುತ್ತದೆ. 255 ಎಂದೂ –1ಕ್ಕೆ ಸಮವಾಗುವುದಿಲ್ಲ. ಫೈಲು ಮುಗಿದರೂ ಪ್ರೋಗ್ರಾಂ ಓದುತ್ತಲೇ ಇರುತ್ತದೆ.

ಇನ್ನೂ ಗೊಂದಲ ಬೇಕೆಂದರೆ, ಎಂ1 ಮ್ಯಾಕ್ ಆರ್ಮ್ ಆದರೂ ಅಲ್ಲಿ ಆಪಲ್ ಚಾರ್ ಅನ್ನು ಸೈನ್ಡ್ ಆಗಿಯೇ ಉಳಿಸಿಕೊಂಡಿದೆ. ಹಾಗಾಗಿ ‘ಆರ್ಮ್ ಮೇಲೂ ನೋಡಿದ್ದೇನೆ, ಸರಿಯಿದೆ’ ಎಂದು ಮ್ಯಾಕ್ ಇರುವವರು ಹೇಳಿದರೆ ಅದು ಪೈಗೆ ಅನ್ವಯಿಸುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರಿಗೂ ಈ ಕಾಟ ಸಾಕಾಗಿ, 2023ರ 6.2ನೇ ಆವೃತ್ತಿಯಿಂದ ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಚಾರ್ ಅನ್‌ಸೈನ್ಡ್ ಆಗಿಯೇ ಇರಲಿ ಎಂದು ಕಂಪೈಲರಿಗೆ ಹೇಳಿಬಿಟ್ಟರು.

300 ಮಿಲಿಮೀಟರ್ ಮಳೆ 11265 ಆಗುವುದು

ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 300 ಇಡಲು ಎರಡು ಬೈಟ್ ಬೇಕು: 1 ಮತ್ತು 44. ಒಂದು 256, ಮೇಲೆ 44. ಈ ಎರಡರಲ್ಲಿ ಯಾವುದನ್ನು ಮೊದಲು ಇಡಬೇಕು? ಎಕ್ಸ್86, ಮತ್ತು ನಾವು ಬಳಸುವ ಆರ್ಮ್, ರಿಸ್ಕ್-ಫೈವ್ ಯಂತ್ರಗಳು ಚಿಕ್ಕ ಭಾಗವನ್ನು ಮೊದಲು ಇಡುತ್ತವೆ: 44, 1. ಇದು ಲಿಟಲ್ ಎಂಡಿಯನ್. ಎಸ್390ಎಕ್ಸ್ ದೊಡ್ಡ ಭಾಗವನ್ನು ಮೊದಲು ಇಡುತ್ತದೆ: 1, 44. ಇದು ಬಿಗ್ ಎಂಡಿಯನ್. ಇಂಟರ್ನೆಟ್‌ನ ಮೂಲ ನಿಯಮಗಳೂ ಬಿಗ್ ಎಂಡಿಯನ್ ಕ್ರಮವನ್ನೇ ಹಿಡಿದಿವೆ.

ಒಂದು ಯಂತ್ರ ಬರೆದ ಫೈಲನ್ನು ಇನ್ನೊಂದು ತನ್ನ ಕ್ರಮದಲ್ಲಿ ಓದಿದರೆ 44ನ್ನು 256ರಿಂದ ಗುಣಿಸಿ 1 ಕೂಡಿದಂತಾಗುತ್ತದೆ. ಒಂದು ದಿನದ 300 ಮಿಲಿಮೀಟರ್ ಮಳೆ 11265 ಆಗಿಬಿಡುತ್ತದೆ. ಇಡೀ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಗೂ ಅದು ಆಗದ ಮಾತು.

ಯುಟಿಎಫ್-16 ಎಂಬ ಇನ್ನೊಂದು ಅಕ್ಷರ ಪದ್ಧತಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅಲ್ಲಿ ‘ಕ’ 12 ಮತ್ತು 149, ‘ಮ’ 12 ಮತ್ತು 174. ಬೈಟ್‌ಗಳು ಅದಲುಬದಲಾದರೆ ‘ಕ’ ಹೋಗಿ ಚೀನಿ ಲಿಪಿಯ ಅಕ್ಷರ ಬರುತ್ತದೆ, ‘ಮ’ ಹೋಗಿ ಕೊರಿಯನ್ ಅಕ್ಷರ ಬರುತ್ತದೆ. ಕನ್ನಡ ಫೈಲು ತೆರೆದಾಗ ಚೀನಿ, ಕೊರಿಯನ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬೈಟ್ ಕ್ರಮವನ್ನು.

ಇನ್ನೂ ಕೆಲವು ಗುಂಡಿಗಳು

ಸೊನ್ನೆಯಿಂದ ಭಾಗಿಸುವುದನ್ನು ನೋಡಿ. ಫೆಬ್ರುವರಿಯಲ್ಲಿ ಮಳೆ ಬಿದ್ದ ದಿನ ಒಂದೂ ಇಲ್ಲದಿದ್ದರೆ, ಒಟ್ಟು ಮಳೆಯನ್ನು ದಿನಗಳಿಂದ ಭಾಗಿಸಿ ಸರಾಸರಿ ತೆಗೆಯುವ ಸಾಲು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಪೂರ್ಣಾಂಕಗಳ ಈ ಭಾಗಾಕಾರಕ್ಕೆ ಎಕ್ಸ್86 ಚಿಪ್ ಅಪಾಯದ ಸೂಚನೆ ಕೊಡುತ್ತದೆ, ಪ್ರೋಗ್ರಾಂ ಅಲ್ಲೇ ಸಾಯುತ್ತದೆ. 64 ಬಿಟ್ ಆರ್ಮ್ ಸದ್ದಿಲ್ಲದೆ 0 ಎಂಬ ಉತ್ತರ ಕೊಡುತ್ತದೆ. ರಿಸ್ಕ್-ಫೈವ್ –1 ಕೊಡುತ್ತದೆ. ಸಿ ಭಾಷೆಯ ಪ್ರಕಾರ ಇದಕ್ಕೆ ಅರ್ಥವೇ ಇಲ್ಲ, ಹಾಗಾಗಿ ಕಂಪೈಲರ್ ಏನು ಬೇಕಾದರೂ ಮಾಡಬಹುದು. ಇಲ್ಲಿ ತಪ್ಪನ್ನು ತೋರಿಸಿದ್ದು ಎಕ್ಸ್86, ಮುಚ್ಚಿಟ್ಟದ್ದು ಆರ್ಮ್. ಒಂದು ಚಿಪ್ ಯಾವಾಗಲೂ ಕಟ್ಟುನಿಟ್ಟು, ಇನ್ನೊಂದು ಯಾವಾಗಲೂ ಸಡಿಲ ಎಂದು ತಿಳಿಯಬಾರದು.

32 ಬಿಟ್ ವ್ಯವಸ್ಥೆಗಳಲ್ಲಿ ಕಾಲದ ಲೆಕ್ಕವೂ ಒಂದು ಗುಂಡಿ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬರುವ 32 ಬಿಟ್‌ನ ಡಬ್ಬಿ 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಮೈನಸ್‌ಗೆ ಬೀಳುತ್ತದೆ. ಡೆಬಿಯನ್‌ನವರು 2024ರಲ್ಲಿ 32 ಬಿಟ್ ಆರ್ಮ್‌ನ ಪ್ಯಾಕೇಜ್‌ಗಳನ್ನು 64 ಬಿಟ್ ಕಾಲಕ್ಕೆ ಸಾಗಿಸುವ ದೊಡ್ಡ ಕೆಲಸ ಮಾಡಿದರು.

ಮೆಮೊರಿ ಪುಟದ ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ. ಪ್ರೊಸೆಸರ್ ಮೆಮೊರಿಯನ್ನು ಪುಟಗಳಾಗಿ ಹಂಚುತ್ತದೆ. ಎಕ್ಸ್86ನಲ್ಲಿ ಸಾಮಾನ್ಯ ಪುಟ 4096 ಬೈಟ್. ರಾಸ್ಪ್‌ಬೆರಿ ಪೈ 5ರ ಮಾಮೂಲಿ ಕರ್ನಲ್‌ನಲ್ಲಿ 16384. 4096 ಎಂಬುದನ್ನು ಕೋಡ್‌ನಲ್ಲಿ ನೇರ ಬರೆದುಬಿಟ್ಟ ಪ್ಯಾಕೇಜ್‌ಗಳು ಅಲ್ಲಿ ಎಡವುತ್ತವೆ. ಆಂಡ್ರಾಯ್ಡ್ 15ರ ನಂತರದ ಫೋನ್‌ಗಳಿಗೆ ಬರುವ ಆಪ್‌ಗಳು ಈ ದೊಡ್ಡ ಪುಟಕ್ಕೆ ಹೊಂದಬೇಕು ಎಂದು ಗೂಗಲ್ ಪ್ಲೇ 2025ರ ನವೆಂಬರ್ 1ರ ಗಡುವು ಇಟ್ಟದ್ದೂ ಇದೇ ಕಾರಣಕ್ಕೆ.

ದಶಮಾಂಶ ಲೆಕ್ಕದ ಕೊನೆಯ ಅಂಕಿಗಳೂ ಚಿಪ್‌ನಿಂದ ಚಿಪ್‌ಗೆ ಬದಲಾಗಬಹುದು. ಗುಣಿಸಿ ಕೂಡುವುದನ್ನು 64 ಬಿಟ್ ಆರ್ಮ್ ಒಂದೇ ಆದೇಶದಲ್ಲಿ ಮಾಡಬಲ್ಲದು, ನಡುವೆ ಅಂಕಿ ಸರಿಹೊಂದಿಸುವ ಒಂದು ಹಂತ ತಪ್ಪುತ್ತದೆ. ಉತ್ತರ ಅದೇ ಅಂಕಿ ಎಂದು ಪರೀಕ್ಷಿಸುವ ಬದಲು, ಇಷ್ಟು ಹತ್ತಿರ ಇದೆಯೇ ಎಂದು ಪರೀಕ್ಷಿಸಿದರೆ ಸಾಕು.

ಆಗೊಮ್ಮೆ ಈಗೊಮ್ಮೆ ಬರುವ ತಪ್ಪು

ಇಲ್ಲಿಯವರೆಗೆ ಹೇಳಿದ ತಪ್ಪುಗಳು ಪ್ರತಿ ಸಲವೂ ಕಾಣಿಸಿಕೊಳ್ಳುತ್ತವೆ, ಹಾಗಾಗಿ ಹಿಡಿಯಬಹುದು. ನನಗೆ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸುವುದು ಮೆಮೊರಿ ಕ್ರಮದ ತಪ್ಪು.

ಈಗಿನ ಪ್ರೊಸೆಸರಿನಲ್ಲಿ ಹಲವು ಕೋರ್‌ಗಳಿವೆ, ಅಂದರೆ ಒಂದೇ ಹೊತ್ತಿಗೆ ಬೇರೆಬೇರೆ ಆದೇಶ ನಡೆಸುವ ಭಾಗಗಳು. ನಮ್ಮ ಪ್ರೋಗ್ರಾಂನ ಒಂದು ಭಾಗ ಒಂದು ಕೋರ್ ಮೇಲೆ ಮಳೆಯ ಅಂಕಿ ಬರೆದು, ಆಮೇಲೆ ‘ಹೊಸ ಅಂಕಿ ಬಂತು’ ಎಂಬ ಗುರುತು ಹಾಕುತ್ತದೆ. ಇನ್ನೊಂದು ಕೋರ್ ಮೇಲಿನ ಭಾಗ ಆ ಗುರುತನ್ನು ಕಾಯುತ್ತಿದ್ದು, ಕಂಡ ಕೂಡಲೇ ಅಂಕಿ ಓದುತ್ತದೆ. ಅಂಕಿ ಮೊದಲು, ಗುರುತು ಆಮೇಲೆ ಎಂದು ಬರೆದಿರುವಾಗ ತಪ್ಪಾಗುವುದಾದರೂ ಹೇಗೆ ಅಲ್ವಾ?

ಎಕ್ಸ್86ನಲ್ಲಿ ಒಂದು ಕೋರ್ ಮಾಡಿದ ಬರಹಗಳು ಬೇರೆ ಕೋರ್‌ಗಳಿಗೆ ಅದೇ ಸರತಿಯಲ್ಲಿ ಕಾಣುತ್ತವೆ. ಆರ್ಮ್ ಆ ಭರವಸೆ ಕೊಡುವುದಿಲ್ಲ. ವೇಗಕ್ಕಾಗಿ ಅದು ಬರಹಗಳನ್ನು ಹಿಂದೆಮುಂದೆ ಮಾಡಬಹುದು. ಗುರುತು ಮೊದಲು ಕಂಡು, ಅಂಕಿ ಇನ್ನೂ ಹಳೆಯದೇ ಇರಬಹುದು. ಆಗ ನಿನ್ನೆಯ ಮಳೆ ಇವತ್ತಿನದಾಗಿ ದಾಖಲಾಗುತ್ತದೆ. ಇದು ಲಕ್ಷ ಸಲದಲ್ಲಿ ಒಂದು ಸಲ ಆಗಬಹುದು. ಹುಡುಕಲು ನಡುವೆ ಒಂದು ಪ್ರಿಂಟ್ ಸಾಲು ಹಾಕಿದರೆ ಸಮಯದ ಲಯವೇ ಬದಲಾಗಿ ತಪ್ಪು ಮಾಯವಾಗುತ್ತದೆ. ತೆಗೆದರೆ ಮತ್ತೆ ಬರುತ್ತದೆ.

ಈ ವ್ಯತ್ಯಾಸ ಎಷ್ಟು ಆಳದ್ದು ಅಂದರೆ, ಇಂಟೆಲ್‌ಗೆ ಬರೆದ ಪ್ರೋಗ್ರಾಂಗಳು ಎಂ1 ಮೇಲೆ ಓಡಲಿ ಎಂದು ಆಪಲ್ ಚಿಪ್‌ನೊಳಗೇ ಎಕ್ಸ್86 ಕ್ರಮ ಪಾಲಿಸುವ ಒಂದು ವಿಧಾನವನ್ನು ಇಟ್ಟಿದೆ. ಕೋಡ್ ಬರೆಯುವವರಿಗೆ ಇರುವ ಪರಿಹಾರ 2011ರ ಸಿ ಆವೃತ್ತಿಯಲ್ಲಿ ಬಂದ ‘ಅಟಾಮಿಕ್’ ಎಂಬ ಸೌಲಭ್ಯ. ಗುರುತಿಗೆ ಅದನ್ನು ಬಳಸಿದರೆ ಕಂಪೈಲರ್ ಆಯಾ ಚಿಪ್‌ಗೆ ತಕ್ಕ ತಡೆಯನ್ನು ತಾನೇ ಹಾಕುತ್ತದೆ. ‘ವೊಲಟೈಲ್’ ಎಂಬ ಪದ ಸೇರಿಸಿದರೆ ಸಾಕು ಎಂಬ ನಂಬಿಕೆ ಇದೆ. ಸಾಕಾಗುವುದಿಲ್ಲ.

ಹುಡುಕುವುದು ಹೇಗೆ?

ಪ್ರೋಗ್ರಾಂನ ತಪ್ಪನ್ನು ಹುಡುಕಿ ತೆಗೆಯುವುದೇ ಡಿಬಗ್ಗಿಂಗ್. ಮೊದಲ ಕೆಲಸ ಯಂತ್ರ ಯಾವುದು ಎಂದು ಖಚಿತ ಮಾಡಿಕೊಳ್ಳುವುದು. ‘ಯುನೇಮ್’ ಆದೇಶ ಕರ್ನಲ್‌ನ ಜಾತಿ ಹೇಳುತ್ತದೆ. ಅದೊಂದನ್ನೇ ನಂಬಬೇಡಿ. ರಾಸ್ಪ್‌ಬೆರಿ ಪೈ ಮೇಲೆ ಕರ್ನಲ್ 64 ಬಿಟ್ ಇದ್ದು, ಮೇಲಿನ ಪ್ಯಾಕೇಜ್‌ಗಳೆಲ್ಲ 32 ಬಿಟ್ ಇರುವುದು ಉಂಟು. ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ‘ಡಿಪಿಕೆಜಿ’ಯನ್ನು ಕೇಳಿದರೆ ಪ್ಯಾಕೇಜ್‌ಗಳ ಜಾತಿ ತಿಳಿಯುತ್ತದೆ, ‘ಫೈಲ್’ ಆದೇಶ ಕೊಟ್ಟರೆ ಆ ಒಂದು ಪ್ರೋಗ್ರಾಂನದ್ದು.

ಕಂಪೈಲ್ ಆಗುವಾಗಲೇ ಬಿದ್ದಿದ್ದರೆ ಬಿಲ್ಡ್ ಲಾಗ್, ಅಂದರೆ ಕಂಪೈಲ್ ನಡೆದ ದಾಖಲೆ, ಓದಬೇಕು. ಎಲ್ಲರ ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ, ಆದರೆ ಅಲ್ಲಿರುವುದು ಬರೀ ಪರಿಣಾಮ. ಮೇಲಿನಿಂದ ಓದುತ್ತಾ ಬಂದು ಮೊದಲ ಎರರ್ ಹುಡುಕಿ. ಎಚ್ಚರಿಕೆಗಳನ್ನೂ ಬಿಡಬೇಡಿ. ಫಂಕ್ಷನ್ ಅನ್ನು, ಅಂದರೆ ಹೆಸರಿಟ್ಟು ಕರೆಯುವ ಕೋಡ್ ತುಣುಕನ್ನು, ಘೋಷಿಸದೆ ಬಳಸಿದ್ದಕ್ಕೆ ಹಳೆಯ ಕಂಪೈಲರ್‌ಗಳು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿದ್ದವು. ಆ ಫಂಕ್ಷನ್ 64 ಬಿಟ್‌ನ ಮೆಮೊರಿ ವಿಳಾಸ ವಾಪಸ್ ಕೊಡುವಂಥದ್ದಾದರೆ ಅರ್ಧ ವಿಳಾಸ ಕತ್ತರಿಸಿಹೋಗುತ್ತಿತ್ತು. ಜಿಸಿಸಿ ಎಂಬ ಕಂಪೈಲರಿನ 2024ರ 14ನೇ ಆವೃತ್ತಿ ಅದನ್ನು ಎರರ್ ಮಾಡಿದ್ದು ಒಳ್ಳೆಯದಾಯಿತು.

ಓಡುವಾಗ ಸತ್ತರೆ ಜಿಡಿಬಿ ಬೇಕು. ಪ್ರೋಗ್ರಾಂ ಅನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಒಳಗಿನ ಅಂಕಿಗಳನ್ನು ತೋರಿಸುವ ಸಾಧನ ಅದು. ಪ್ಯಾಕೇಜ್‌ಗಳ ಗಾತ್ರ ಇಳಿಸಲು ಡಿಬಗ್ ಸಿಂಬಲ್‌ಗಳನ್ನು, ಅಂದರೆ ಯಾವ ಆದೇಶ ಸೋರ್ಸ್‌ನ ಯಾವ ಸಾಲಿನದು ಎಂಬ ಮಾಹಿತಿಯನ್ನು, ಬೇರೆ ತೆಗೆದಿಟ್ಟಿರುತ್ತಾರೆ. ಅದನ್ನು ಮೊದಲು ತರಿಸಿಕೊಳ್ಳಿ. ಇಲ್ಲದಿದ್ದರೆ ಕಾಣುವುದು ಬರೀ ವಿಳಾಸಗಳು. ಬೋರ್ಡ್ ತೀರಾ ಚಿಕ್ಕದಾಗಿದ್ದರೆ ಅದರ ಮೇಲೆ ‘ಜಿಡಿಬಿ ಸರ್ವರ್’ ಮಾತ್ರ ಓಡಿಸಿ, ಲ್ಯಾಪ್‌ಟಾಪಿನಿಂದ ‘ಜಿಡಿಬಿ ಮಲ್ಟಿಆರ್ಚ್’ ಮೂಲಕ ಅದಕ್ಕೆ ಸೇರಬಹುದು. ಆದೇಶಗಳ ಮಟ್ಟಕ್ಕೆ ಇಳಿದರೆ ಹೆಸರುಗಳೂ ಬದಲಾಗುತ್ತವೆ. ಫಂಕ್ಷನ್‌ಗೆ ಕೊಟ್ಟ ಮೊದಲ ಅಂಕಿ ಎಕ್ಸ್86-64 ಲಿನಕ್ಸ್‌ನಲ್ಲಿ ‘ಆರ್‌ಡಿಐ’ ಎಂಬ ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಡಬ್ಬಿಯಲ್ಲಿ, ಇರುತ್ತದೆ, 64 ಬಿಟ್ ಆರ್ಮ್‌ನಲ್ಲಿ ‘ಎಕ್ಸ್0’ಯಲ್ಲಿ.

ನನ್ನ ಪ್ರಕಾರ ಅತ್ಯಂತ ಫಲ ಕೊಡುವ ವಿಧಾನ ಎರಡೂ ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಒಂದೇ ಸೋರ್ಸ್, ಒಂದೇ ಆವೃತ್ತಿಯ ಕಂಪೈಲರ್, ಒಂದೇ ಮಳೆಯ ಫೈಲು. ಎರಡರಲ್ಲೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕಿಗಳನ್ನು ಹೋಲಿಸಿ. ಸರಿಯಿದ್ದರೆ ಮುಂದೆ ಹೋಗಿ, ಬೇರೆಯಾಗಿದ್ದರೆ ಹಿಂದೆ ಬನ್ನಿ. ಅಂಕಿಗಳು ಮೊದಲ ಸಲ ಬೇರೆಯಾದ ಸಾಲು ಸಿಕ್ಕರೆ ಕೆಲಸ ಬಹುಪಾಲು ಮುಗಿದಂತೆ. ಪ್ರೋಗ್ರಾಂ ಸತ್ತ ಜಾಗ ಅಲ್ಲಿಂದ ಎಷ್ಟೋ ದೂರ ಇರುತ್ತದೆ.

ಬೋರ್ಡ್ ಮುಟ್ಟದೆ ಲ್ಯಾಪ್‌ಟಾಪಿನಲ್ಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಜಿಸಿಸಿಗೆ ‘ಅನ್‌ಸೈನ್ಡ್ ಚಾರ್’ ಆಯ್ಕೆ ಕೊಟ್ಟು ಕಂಪೈಲ್ ಮಾಡಿ. ಪೈ ಮೇಲಿನ ತಪ್ಪು ಇಲ್ಲೂ ಕಾಣಿಸಿಕೊಂಡರೆ ಕಾರಣ ಸಿಕ್ಕಿಬಿಟ್ಟಿತು. ‘ಸ್ಯಾನಿಟೈಸರ್’ ಆಯ್ಕೆಗಳು ಅಕ್ರಮ ಮೆಮೊರಿ ಬಳಕೆ, ಸೊನ್ನೆಯ ಭಾಗಾಕಾರ, ಎರಡು ಥ್ರೆಡ್‌ಗಳ (ಒಟ್ಟಿಗೆ ಓಡುವ ಪ್ರೋಗ್ರಾಂ ಭಾಗಗಳ) ಜಗಳ ಇವನ್ನೆಲ್ಲ ಸಾಲಿನ ಸಂಖ್ಯೆ ಸಮೇತ ಹೇಳುತ್ತವೆ. ಪ್ರೋಗ್ರಾಂ ವೇಗವಾಗಿ ಓಡಲಿ ಎಂದು ಕಂಪೈಲರ್ ಮಾಡುವ ಮಾರ್ಪಾಡುಗಳನ್ನು ನಿಲ್ಲಿಸಿದಾಗ ತಪ್ಪು ಹೋದರೆ, ಸಿ ಭಾಷೆ ಅರ್ಥ ಹೇಳದ ಯಾವುದೋ ಜಾಗವನ್ನು ಕೋಡ್ ಮುಟ್ಟಿದೆ ಎಂದು ಅನುಮಾನಿಸಬಹುದು.

ಬೇರೆ ಯಂತ್ರ ಕೈಯಲ್ಲಿ ಇಲ್ಲದಿದ್ದರೆ?

ಸಾಗರದಲ್ಲೋ ಹೊಸನಗರದಲ್ಲೋ ಕುಳಿತವರಿಗೆ ಎಸ್390ಎಕ್ಸ್ ಯಂತ್ರ ಎಲ್ಲಿ ಸಿಗಬೇಕು? ಅದಕ್ಕೆ ಕ್ಯೂಎಮು ಇದೆ. ಫ್ಯಾಬ್ರಿಸ್ ಬೆಲಾರ್ಡ್ ಶುರುಮಾಡಿದ ಈ ಉಚಿತ ಸಾಫ್ಟ್‌ವೇರ್ ಬೇರೆ ಜಾತಿಯ ಆದೇಶಗಳನ್ನು ಓದಿ, ನಮ್ಮ ಪ್ರೊಸೆಸರಿನ ಆದೇಶಗಳಾಗಿ ಬದಲಾಯಿಸುತ್ತಾ ಓಡಿಸುತ್ತದೆ. ನಿಧಾನ ನಿಜ, ಆದರೆ ಒಂದು ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಆರ್ಮ್, ರಿಸ್ಕ್-ಫೈವ್, ಎಸ್390ಎಕ್ಸ್ ಮೂರನ್ನೂ ಪರೀಕ್ಷಿಸಬಹುದು. ಲಿನಕ್ಸ್ ಕರ್ನಲ್ ಫೈಲಿನ ತಲೆಭಾಗದ ಸಂಖ್ಯೆ ನೋಡಿ, ತಾನಾಗಿ ಅದನ್ನು ಕ್ಯೂಎಮುಗೆ ಒಪ್ಪಿಸುವಂತೆಯೂ ಮಾಡಬಹುದು.

ಚಾರ್ ಚಿಹ್ನೆ, ಬೈಟ್ ಕ್ರಮ, ಸೊನ್ನೆಯ ಭಾಗಾಕಾರ, ಇವು ಕ್ಯೂಎಮುನಲ್ಲಿ ನಿಜವಾದ ಯಂತ್ರದಂತೆಯೇ ಕಾಣುತ್ತವೆ. ಮೆಮೊರಿ ಕ್ರಮದ ತಪ್ಪು ಮಾತ್ರ ಕಾಣುವುದು ಕಷ್ಟ. ಕೆಳಗಿರುವುದು ಕಟ್ಟುನಿಟ್ಟಾದ ಎಕ್ಸ್86 ಆದ್ದರಿಂದ ಬರಹಗಳು ಅಲ್ಲಿ ಸರತಿ ಬಿಡುವುದಿಲ್ಲ. ಹೀಗೆ ಒಂದೊಂದೇ ಪ್ರೋಗ್ರಾಂ ಓಡಿಸುವಾಗ ಪುಟದ ಅಳತೆಯ ತಪ್ಪುಗಳೂ ಕಾಣದೆ ಹೋಗಬಹುದು. ವೇಗ ಅಳೆಯುವುದಕ್ಕಂತೂ ನಿಜವಾದ ಬೋರ್ಡೇ ಆಗಬೇಕು.

ಸಿಕ್ಕ ಮೇಲೆ

ಕೋಡ್ ನಮ್ಮದೇ ಆಗಿದ್ದರೆ ತಿದ್ದಿದರೆ ಆಯಿತು. ತಪ್ಪು ಒಂದು ಪ್ಯಾಕೇಜ್‌ನೊಳಗಿನ ಲೈಬ್ರರಿಯದ್ದಾದರೆ, ನಮ್ಮ ಬೋರ್ಡ್ ಮೇಲೆ ಮಾತ್ರ ತಿದ್ದಿಕೊಂಡು ಸುಮ್ಮನಾಗಬಾರದು. ಮುಂದಿನ ಅಪ್‌ಡೇಟ್ ಬಂದಾಗ ಅದು ಅಳಿಸಿಹೋಗುತ್ತದೆ. ಡೆಬಿಯನ್‌ನ ದೂರು ಪಟ್ಟಿಗೆ ತಿಳಿಸಬಹುದು. ಅದಕ್ಕಿಂತ ಮೇಲೆ, ಆ ಲೈಬ್ರರಿ ಬರೆಯುವವರಿಗೇ ತಿಳಿಸಿದರೆ ಎಲ್ಲ ಲಿನಕ್ಸ್‌ಗಳಿಗೂ ತಲುಪುತ್ತದೆ. ಅವರಲ್ಲಿ ಎಷ್ಟೋ ಜನ ನಿಮ್ಮ ಬಳಿ ಇರುವ ಬೋರ್ಡನ್ನು ಮುಟ್ಟಿಯೂ ಇರುವುದಿಲ್ಲ. ಆರ್ಕಿಟೆಕ್ಚರ್, ಕಂಪೈಲರ್ ಮತ್ತು ಪ್ಯಾಕೇಜ್ ಆವೃತ್ತಿ, ತಪ್ಪು ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ, ಯಾವ ಯಂತ್ರದಲ್ಲಿ ಸರಿ ಯಾವುದರಲ್ಲಿ ತಪ್ಪು ಎಂಬ ವಿವರ, ಇಷ್ಟನ್ನು ಬರೆದು ಕಳಿಸಿ.

ತಿದ್ದುಪಡಿಯ ಜೊತೆ ಒಂದು ಪರೀಕ್ಷೆಯನ್ನೂ ಸೇರಿಸಿ. ಅದರಲ್ಲಿ ಒಂದು ಕನ್ನಡ ಹೆಸರು ಇರಲಿ. ಇಂಗ್ಲಿಷ್ ಹೆಸರುಗಳ ಬೈಟ್‌ಗಳೆಲ್ಲ 127ರ ಒಳಗೇ ಇರುವುದರಿಂದ, ಅವನ್ನಷ್ಟೇ ಇಟ್ಟು ಬರೆದ ಪರೀಕ್ಷೆಗಳು ಚಾರ್ ತಪ್ಪಿದ್ದರೂ ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಪಾಸಾಗುತ್ತವೆ.